ಹೊಳೆದಂಡೆಯ ಗೆರೆ: ಆಕ್ಷೇಪಣೆ ಬರೆಯುವ ಮುನ್ನ

ಕುಮಟಾ, ಹೊನ್ನಾವರದ ಕಡೆ ಭೂಬಳಕೆಯ ಮೇಲೆ ಕಣ್ಣಿಟ್ಟಿರುವ ನಾಗರಿಕ ಗುಂಪುಗಳಿಗೆ ಹೊಸದಾಗಿ ಸೇರಿದವರಿಗಾಗಿ ಈ ಟಿಪ್ಪಣಿ. ಪಹಣಿ ತೆಗೆಸುವುದು, ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ನನ್ನನ್ನು ಕಾಡಿದ್ದು ಕರಾವಳಿ ನಿಯಂತ್ರಣ ವಲಯದ ಗೆರೆ, ಅಂದರೆ ಕಡಲು, ಹೊಳೆಗಳ ದಡದಲ್ಲಿ ಕಟ್ಟಡ, ಕಾಮಗಾರಿಗಳಿಗೆ ಕಡಿವಾಣವಿರುವ ಪಟ್ಟಿಯ ಗಡಿ.

ಸಮುದ್ರದ ಬದಿ ಸುಲಭ. ಭರತದ ನೀರು ಏರಿ ನಿಲ್ಲುವ ಗೆರೆಯಿಂದ ಒಳಕ್ಕೆ 500 ಮೀಟರ್ ವಲಯ. ಹಳ್ಳಿಗಾಡಾದರೆ ಅದರಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಬಹುಮಟ್ಟಿಗೆ ಅವಕಾಶವಿಲ್ಲ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಈ ವಲಯದ ನಿಯಮ ಹೇಳುವ ಕೇಂದ್ರ ಸರ್ಕಾರದ 2019ರ ಅಧಿಸೂಚನೆ ಈ 200 ಮೀಟರ್ ಪಟ್ಟಿಯನ್ನು 50 ಮೀಟರಿಗೆ ಇಳಿಸಿದೆ.

ಹೊಳೆ, ಅಳಿವೆಗಳ ಬದಿಗೆ ಬಂದಾಗ ತಲೆ ಕೆಡುತ್ತದೆ. ಅಲ್ಲಿನ ನಿಯಮ: 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2011ರ ಅಧಿಸೂಚನೆಯಲ್ಲಿ 50ರ ಜಾಗದಲ್ಲಿ 100 ಇತ್ತು; ಹಳೆಯ ಕರಪತ್ರ ನೋಡಿ ಬರೆಯುವವರು ಗಮನಿಸಿ. ಹೊಳೆ 300 ಮೀಟರ್ ಅಗಲವಿದ್ದರೆ ವಲಯ 50 ಮೀಟರ್. ಹೊಳೆಗೆ ಸೇರುವ ಉಪ್ಪುನೀರಿನ ಹಳ್ಳ 18 ಮೀಟರ್ ಅಗಲವಿದ್ದರೆ ವಲಯವೂ 18 ಮೀಟರ್ ಅಷ್ಟೇ. ಹೊಳೆ ದೊಡ್ಡದಾದಷ್ಟೂ ರಕ್ಷಣೆ ದೊಡ್ಡದು ಎಂದು ಮನಸ್ಸು ಹೇಳುತ್ತದೆ. 50 ದಾಟಿದ ಮೇಲೆ ಅಗಲಕ್ಕೆ ಲೆಕ್ಕವೇ ಇಲ್ಲ. ಗೆರೆಯನ್ನು ಹೊಳೆಯ ನಡುವಿನಿಂದಲ್ಲ, ಭರತದ ಗೆರೆಯಿಂದ ದಡದ ಕಡೆಗೆ ಅಳೆಯಬೇಕು.

ಇನ್ನೂ ಒಂದು ಗಂಟು ಉಳಿಯಿತು. ಹೊಳೆಯುದ್ದಕ್ಕೂ ಈ ವಲಯ ಎಲ್ಲಿಯವರೆಗೆ? ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ, ಅದೂ ವರ್ಷದ ಅತಿ ಒಣ ಕಾಲದಲ್ಲಿ ಅಳೆದದ್ದು. ಆಷಾಢದಲ್ಲಿ ಹೊಳೆಗಿಳಿದು ನೀರು ಸಿಹಿಯಾಗಿದೆ ಎಂದರೆ ಅದು ಸಾಕ್ಷಿಯಲ್ಲ. ನಮ್ಮ ಜಿಲ್ಲೆಯಲ್ಲಿ ಈ ಅಳತೆಗೆ ಒಂದು ವಿಚಿತ್ರ ತಿರುವಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಸಿಗೆಯಲ್ಲಿ ಸಿಹಿನೀರು ಸೊರಗಿ ಉಪ್ಪು ಒಳನುಗ್ಗುತ್ತದೆ, ಗಜನಿಯ (ಅಳಿವೆ ದಂಡೆಯ ಉಪ್ಪುನೀರಿನ ಗದ್ದೆಯ) ಕಗ್ಗ ಎಂಬ ಭತ್ತವೂ ಅಳಿವೆಯ ಬಳಚು ಎಂಬ ಚಿಪ್ಪುಜೀವಿಯೂ ಆ ಉಪ್ಪಿಗೆ ಒಗ್ಗಿಕೊಂಡವು. ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಬಿಟ್ಟ ನೀರು ಗೇರುಸೊಪ್ಪೆ ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಇಳಿಯುವುದರಿಂದ ಅಳಿವೆಯ ಉಪ್ಪೇ ಕಡಿಮೆಯಾಗಿದೆ. ಅಂದರೆ ಉಪ್ಪಿನ ಗೆರೆ ಸಮುದ್ರದತ್ತ ಸರಿಯುತ್ತದೆ, ಅದರೊಂದಿಗೆ ಕಾನೂನಿನ ಕೈಯೂ ಮೋಟಾಗುತ್ತದೆ. ಅಣೆಕಟ್ಟಿನ ಲಾಭ ದಡದ ರೆಸಾರ್ಟಿಗೂ ಸಿಗುವುದು ನ್ಯಾಯವೆಂದು ನನಗಂತೂ ಅನ್ನಿಸುವುದಿಲ್ಲ.

ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಮರ) ಇದ್ದರೆ ಅದನ್ನು ಮೊದಲು ಅಳೆಯಿರಿ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾವನದ ಸುತ್ತ 50 ಮೀಟರ್ ಕಾಪುಪಟ್ಟಿಯೂ ಅತಿ ಬಿಗಿಯಾದ ವರ್ಗಕ್ಕೆ ಸೇರುತ್ತದೆ.

ಆಕ್ಷೇಪಣೆಯಲ್ಲಿ “ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ” ಎಂದಷ್ಟೇ ಬರೆದರೆ ಸಾಲದು. ಗ್ರಾಮ, ಸರ್ವೆ ನಂಬರ್, ಭರತದ ಗೆರೆಯಿಂದ ಎಷ್ಟು ಮೀಟರ್ ಎಂಬುದು ಇರಲಿ.

ದೊಡ್ಡ ಯೋಜನೆಗಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಭಾಷಣ ಮುಗಿಸಿ ಬಸ್ಸಿಗೆ ಓಡಬೇಡಿ. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ನೀವು ಕೊಟ್ಟ ಸರ್ವೆ ನಂಬರ್ ಅದರಲ್ಲಿ ಬಾರದಿದ್ದರೆ ಸಹಿ ಬೀಳುವ ಮೊದಲೇ ಎದ್ದು ಸೇರಿಸಲು ಹೇಳಿ.