ಮೂತ್ರ ಕೆಂಪಾದರೆ ಫೋನ್ ಮಾಡ್ತೀರಿ, ಜ್ವರ ಬಂದರೆ ಯಾಕೆ ಮಾಡಲ್ಲ?

ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಕೀಮೋ ಔಷಧಿ ಒಂದಿದೆ, ಡಾಕ್ಸೊರುಬಿಸಿನ್ ಅಂತ. ಅದನ್ನು ಹಾಕಿಸಿಕೊಂಡು ಮನೆಗೆ ಹೋದ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಔಷಧಿಯ ಬಣ್ಣ ಅದು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಇದಕ್ಕೆ ನನಗೆ ರಾತ್ರಿ 11 ಗಂಟೆಗೆ ಫೋನ್ ಬರುತ್ತದೆ. ಕೂದಲು ಉದುರಿದ್ದಕ್ಕೆ ಬರುತ್ತದೆ. ಬಾಯಿಗೆ ರುಚಿಯಿಲ್ಲ, ಉಪ್ಪಿನಕಾಯಿ ತಿನ್ನಬಹುದಾ ಅಂತ ಬರುತ್ತದೆ. ಬರಲಿ, ಬೇಜಾರಿಲ್ಲ. ಆದರೆ 102 ಡಿಗ್ರಿ ಜ್ವರ ಬಂದ ರಾತ್ರಿ ಮಾತ್ರ ಅದೇ ಮನೆಯವರು ಒಂದು ಡೋಲೋ ನುಂಗಿಸಿ, ಕಂಬಳಿ ಹೊದಿಸಿ, ಬೆಳಗಾಗಲಿ ಅಂತ ಕಾಯುತ್ತಾ ಕೂರುತ್ತಾರೆ.

ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುವ ಡಾಕ್ಟರ್ ನಾನು. ಮೊದಲ ಕೀಮೋ ದಿನವೇ ಎಲ್ಲರಿಗೂ ಜ್ವರದ ವಿಷಯ ಹೇಳುತ್ತೇನೆ. ಸಿಸ್ಟರ್ ಇನ್ನೊಮ್ಮೆ ಹೇಳುತ್ತಾರೆ. ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೂ ಕೊಡುತ್ತೇವೆ. ಮುಂದಿನ ಸಲ ಬಂದಾಗ ಜ್ವರ ಬಂದಿತ್ತಾ ಅಂತ ಕೇಳಿದರೆ ಉತ್ತರ ಇದು: "ಜ್ವರಾ ಅಲ್ರೀ ಸರ್, ಮೈ ಕಾದಿತ್ತು ಅಷ್ಟ. ಕೀಮೋ ಉಷ್ಣ ಅಲ್ರಿ? ಗುಳಗಿ ತಗೊಂಡ ಮ್ಯಾಲೆ ಇಳೀತ್ರಿ."

ಈ ಉಷ್ಣದ ಲೆಕ್ಕವೇ ನನ್ನ ತಲೆನೋವು. ಕೀಮೋ ಉಷ್ಣ, ಆದ್ದರಿಂದ ಮೈ ಬಿಸಿಯಾಗುವುದು ಸಹಜ, ಅದಕ್ಕೆ ಎಳನೀರು, ಮಜ್ಜಿಗೆ, ತಲೆಗೆ ಹರಳೆಣ್ಣೆ. ಕೇಳೋಕೆ ಸರಿಯಾಗೇ ಇದೆ. ಹೊಟ್ಟೆ ಉರಿ, ಬಾಯಿ ಹುಣ್ಣು ಇದ್ದಾಗ ಮಜ್ಜಿಗೆ ಹಿತವೂ ಹೌದು. ಆದರೆ ಥರ್ಮಾಮೀಟರ್ 100.4 ತೋರಿಸಿದ ಮೇಲೆ ಅದನ್ನು ಉಷ್ಣ ಅಂತ ಕರೆಯುವ ಹಕ್ಕು ನಿಮಗಿಲ್ಲ, ನನಗೂ ಇಲ್ಲ, ರಕ್ತ ನೋಡುವವರೆಗೆ.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಬೇಗ ಬೇಗ ಬೆಳೆಯುವ ಕಣಗಳನ್ನು ಕೀಮೋ ಹೊಡೆಯುತ್ತದೆ. ಕ್ಯಾನ್ಸರ್ ಕಣ ಹಾಗೆ ಬೆಳೆಯುತ್ತದೆ, ಕೂದಲ ಬುಡ ಬೆಳೆಯುತ್ತದೆ, ಮೂಳೆಯೊಳಗಿನ ಮಜ್ಜೆಯೂ ಬೆಳೆಯುತ್ತದೆ. ರಕ್ತ ತಯಾರಾಗುವುದು ಆ ಮಜ್ಜೆಯಲ್ಲಿ. ಕೀಮೋ ಆದ ದಿನ ನಿಮ್ಮ ಬಿಳಿ ರಕ್ತಕಣ ಬೀಳುವುದಿಲ್ಲ, ಆಗಲೇ ತಯಾರಾದವು ಓಡಾಡಿಕೊಂಡಿರುತ್ತವೆ. ಅವು ಸತ್ತು ಹೊಸವು ಬಾರದೆ ಇದ್ದಾಗ, ಅಂದರೆ ಮೂರು ವಾರಕ್ಕೊಮ್ಮೆ ಕೊಡುವ ಬಹಳಷ್ಟು ಕೀಮೋಗಳಲ್ಲಿ ಸುಮಾರು 7ನೇ ದಿನದಿಂದ 14ನೇ ದಿನದ ನಡುವೆ, ಕೌಂಟ್, ಅಂದರೆ ಬಿಳಿ ರಕ್ತಕಣದ ಸಂಖ್ಯೆ, ತಳ ಮುಟ್ಟುತ್ತದೆ. ತಮಾಷೆ ಏನು ಗೊತ್ತಾ, ಅಷ್ಟೊತ್ತಿಗೆ ವಾಂತಿ ನಿಂತಿರುತ್ತದೆ, ಎರಡು ರೊಟ್ಟಿ ಸೇರುತ್ತಿರುತ್ತದೆ, ಪಾರಾದೆವು ಅಂತ ಮನೆಯವರು ಸಂತೆಗೆ, ಮದುವೆಗೆ ಹೊರಟಿರುತ್ತಾರೆ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಒಂದು ಗೆರೆ ಹಾಕಿಡಿ. ನಿಮ್ಮ ಔಷಧಿಗೆ ದಿನಗಳು ಬೇರೆ ಇರಬಹುದು, ನಿಮ್ಮ ಡಾಕ್ಟರನ್ನೇ ಕೇಳಿ ಗೆರೆ ಹಾಕಿ.

ನಾವು ನೋಡುವುದು ಒಟ್ಟು ಕೌಂಟ್ ಅಷ್ಟೇ ಅಲ್ಲ, ಅದರಲ್ಲಿ ನ್ಯೂಟ್ರೊಫಿಲ್, ಅಂದರೆ ಬ್ಯಾಕ್ಟೀರಿಯಾ ಜೊತೆ ಹೋರಾಡುವ ಬಿಳಿ ಕಣ, ಎಷ್ಟು ಅಂತ. ರಿಪೋರ್ಟಿನಲ್ಲಿ ಟೋಟಲ್ ಕೌಂಟ್ 1800, ನ್ಯೂಟ್ರೊಫಿಲ್ ಶೇ 20 ಇದ್ದರೆ, 1800ರಲ್ಲಿ ನೂರಕ್ಕೆ 20 ಭಾಗ, 360. 500ಕ್ಕಿಂತ ಕಡಿಮೆ ಇದ್ದು ಜ್ವರವೂ ಬಂದರೆ ನಮಗೆ ಅದು ಎದೆನೋವಿನಷ್ಟೇ ತುರ್ತು. ನಮ್ಮ ಕರುಳಿನಲ್ಲಿ, ಬಾಯಲ್ಲಿ, ಚರ್ಮದ ಮೇಲೆ ಸುಮ್ನೆ ಬದುಕಿಕೊಂಡಿರುವ ಬ್ಯಾಕ್ಟೀರಿಯಾಗಳೇ ಆಗ ರಕ್ತಕ್ಕೆ ನುಗ್ಗುತ್ತವೆ. ಬೇರೆಯವರಿಗಾದರೆ ಊತ ಬರುತ್ತದೆ, ಕೀವಾಗುತ್ತದೆ, ಗೊತ್ತಾಗುತ್ತದೆ. ಕೀವು ಆಗುವುದಕ್ಕೂ ನ್ಯೂಟ್ರೊಫಿಲ್ ಬೇಕಲ್ಲ! ಅದಿಲ್ಲದವರಿಗೆ ಎಷ್ಟೋ ಸಲ ಕಾಣುವ ಗುರುತು ಒಂದೇ, ಜ್ವರ. ಆ ಒಂದು ಗುರುತನ್ನೂ ಡೋಲೋ ಕೊಟ್ಟು ಅಳಿಸಿಬಿಟ್ಟರೆ ಒಳಗೆ ನಡೆಯುವುದು ಯಾರಿಗೆ ಕಾಣಬೇಕು? ಜ್ವರ ಇಳಿಯಿತು ಅಂದರೆ ಪ್ಯಾರಸಿಟಮಾಲ್ ಕೆಲಸ ಮಾಡಿತು ಅಂತ ಅರ್ಥ, ಸೋಂಕು ಹೋಯಿತು ಅಂತ ಅಲ್ಲ. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ಇಲ್ಲಿ ಐದನೇ ಸಲ.

ಆಸ್ಪತ್ರೆಗೆ ಬಂದರೆ ಮೊದಲು ಕಲ್ಚರಿಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಹುಡುಕುವ ಪರೀಕ್ಷೆಗೆ, ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಶುರು ಮಾಡುತ್ತೇವೆ. ಬಂದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು ಅನ್ನುವುದು ನಮ್ಮ ನಿಯಮ. ನಾವು ನಿಮಿಷ ಎಣಿಸುತ್ತಿರುತ್ತೇವೆ, ನೀವು ಭಾನುವಾರ ಕಳೆಯಲಿ ಅಂತೀರಿ.

ಸವಣೂರು ಕಡೆಯ ಒಬ್ಬ ಅಜ್ಜ ಇದ್ದರು. ಎರಡು ಕೀಮೋಗೇ ಕ್ಯಾನ್ಸರ್ ಗಂಟು ಅರ್ಧ ಕರಗಿತ್ತು, ನನಗೆ ಅವರಿಗಿಂತ ಜಾಸ್ತಿ ಖುಷಿ. ಶನಿವಾರ ಸಂಜೆ ಚಳಿ ಜ್ವರ. ಊರಿನಲ್ಲಿ ಸೊಂಟಕ್ಕೊಂದು ಸೂಜಿ ಹಾಕಿಸಿದರು. ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಕೀಮೋದಿಂದ ಕಡಿಮೆಯಾದವರಿಗೆ ಆ ಸೂಜಿ ಬೇಡ, ಮಾಂಸಖಂಡದಲ್ಲಿ ರಕ್ತ ಸೋರಿ ಗಂಟು ಕಟ್ಟುತ್ತದೆ. ಆಮೇಲೆ ಆರು ಗಂಟೆಗೊಂದು ಗುಳಗಿ. ಸೋಮವಾರ ಬೆಳಿಗ್ಗೆ ಕರೆತಂದಾಗ ಬಿಪಿ ಸಿಗುತ್ತಿರಲಿಲ್ಲ. ಐಸಿಯುನಲ್ಲಿ ಮೂರು ದಿನ ಇದ್ದರು. ಆಮೇಲೆ ಅವರ ಮಗ, ಪಾಪ, ಕೈ ಮುಗಿದುಕೊಂಡು ಹೇಳಿದ್ದು: "ನಡುರಾತ್ರ್ಯಾಗ ನಿಮಗ ಯಾಕ ತ್ರಾಸ ಕೊಡೂದಂತ ಸುಮ್ನಿದ್ವಿರಿ."

ನಮ್ಮ ಜನರ ಈ ಸಂಕೋಚಕ್ಕೆ ಏನು ಹೇಳಲಿ. ಬೈಯಲು ಬಾಯಿ ಬರುವುದಿಲ್ಲ.

ಇನ್ನು ಸಿದ್ಧತೆ. ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಕೀಮೋಗೆ ಬರುವಾಗ ಎರಡು ಕೆಜಿ ಸೇಬು, ಕಿವಿ ಹಣ್ಣು, ಪ್ರೋಟೀನ್ ಪುಡಿ ಡಬ್ಬಿ ಎಲ್ಲಾ ಇರುತ್ತದೆ, ಇದೊಂದು ಇರುವುದಿಲ್ಲ. ಹಣೆ ಮುಟ್ಟಿ ನೋಡಿದೆವು ಅನ್ನಬೇಡಿ. ಚಳಿ, ನಡುಕ ಅನಿಸಿದ ಕೂಡಲೇ, ಗುಳಗಿ ಮುಟ್ಟುವ ಮೊದಲು, ನೋಡಿ. 100.4 ಅಥವಾ ಜಾಸ್ತಿ ಇದ್ದರೆ ಫೋನ್ ಮಾಡಿ, ಹೊರಡಿ. ರಾತ್ರಿ ಗಾಡಿ ಯಾರದು ಅಂತ ಮೊದಲೇ ಮಾತಾಡಿಟ್ಟಿರಿ, ಒಂದಿಷ್ಟು ದುಡ್ಡು ಕಾರ್ಡಿನ ಜೊತೆ ಇಟ್ಟಿರಿ, ಆ ಕಾರ್ಡಿನ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ. ದೂರದ ಊರಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಮೊದಲು ಹೋಗಿ, ಆದರೆ ಚೀಟಿ ಮಾಡಿಸಿ ಸಾಲಿನಲ್ಲಿ ಕೂರಬೇಡಿ. ಬಾಗಿಲಲ್ಲೇ "ಕೀಮೋ ಆಗಿ ಹತ್ತು ದಿನ ಆಯ್ತು, ಜ್ವರ ಇದೆ" ಅಂತ ಹೇಳಿ. ಅಲ್ಲಿನ ಡಾಕ್ಟರ ಕೈಗೆ ಫೋನ್ ಕೊಡಿ, ನಾವು ಮಾತಾಡುತ್ತೇವೆ.

ಎಚ್ಚರಿಕೆಗೆ ಇನ್ನೊಂದು. ಜ್ವರ ಇಲ್ಲದೇ ಇದ್ದರೂ ಸೋಂಕು ಇರಬಹುದು. ವಯಸ್ಸಾದವರು, ವಾಂತಿಗೆಂದು ಕೊಟ್ಟ ಸ್ಟೀರಾಯ್ಡ್ ನುಂಗುತ್ತಿರುವವರು ಸುಮ್ಮನೆ ಮಂಕಾಗಬಹುದು, ಏನೇನೋ ಮಾತಾಡಬಹುದು, ಮೂತ್ರ ಕಡಿಮೆಯಾಗಬಹುದು. ಆಗಲೂ ಬನ್ನಿ. ಕೆಲವು ಔಷಧಿಗೆ ಅದೇ ದಿನ ಸಣ್ಣ ಜ್ವರ ಬರುವುದೂ ಉಂಟು, ಆದರೆ ಅದು ಔಷಧಿ ಜ್ವರವೋ ಇನ್ನೇನೋ ಅಂತ ಮನೆಯಲ್ಲಿ ತೀರ್ಮಾನ ಬೇಡ. ಕೌಂಟ್ ಏರಲಿ ಅಂತ ಅಮೃತಬಳ್ಳಿ ಕಷಾಯ ಕೊಡುವವರಿಗೂ ಒಂದು ಮಾತು: ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕೊಡುವ ಮೊದಲು ಕೇಳಿ. ಹುಳುಕು ಹಲ್ಲಿದ್ದರೆ ಮೊದಲ ಕೀಮೋಗೆ ಮುಂಚೆಯೇ ತೋರಿಸಿ. ಊಟ ಬಿಸಿಯಾಗಿ ಮಾಡಿದ್ದು ಏನಾದರೂ ನಡೆಯುತ್ತದೆ.

ಕಳೆದ ಮಳೆಗಾಲದಲ್ಲಿ ರಾತ್ರಿ ಒಂದೂವರೆಗೆ ಒಬ್ಬ ಅಕ್ಕನ ಫೋನ್. "ಸರ್, 101 ಐತ್ರಿ. ಫೋನ್ ಮಾಡಿದ್ದು ತಪ್ಪಾತೇನ್ರಿ?" ಹಾಲಿನ ಗಾಡಿಯಲ್ಲಿ ಕೂತು ಮೂರು ಗಂಟೆಗೆ ಬಂದರು. ನ್ಯೂಟ್ರೊಫಿಲ್ 220. ಆರನೇ ದಿನ ಮನೆಗೆ ಹೋದರು. ಹೋಗುವ ಗಡಿಬಿಡಿಯಲ್ಲಿ ಥರ್ಮಾಮೀಟರ್ ದಿಂಬಿನ ಕೆಳಗೇ ಬಿಟ್ಟಿದ್ದರಂತೆ. ಬಸ್ ಸ್ಟ್ಯಾಂಡಿನಿಂದ ಮಗನನ್ನು ವಾಪಸ್ ಕಳಿಸಿ ತರಿಸಿಕೊಂಡರು.