ಮುಂದಾಳು ಬೇರೆ, ಒಡೆಯ ಬೇರೆ: ಅರಾಜಕತಾವಾದದಲ್ಲಿ ನಾಯಕತ್ವ

ಪತ್ರಿಕೆಗಳಲ್ಲಿ ‘ಅರಾಜಕತೆ’ ಎಂದರೆ ದೊಂಬಿ, ಗಲಭೆ. ಆ ಅರ್ಥವನ್ನೇ ತಲೆಯಲ್ಲಿಟ್ಟುಕೊಂಡು ಅರಾಜಕತಾವಾದವನ್ನು ಓದಲು ಕುಳಿತರೆ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಅರಾಜಕತಾವಾದಿ ಚಿಂತಕರು ಬೇಡವೆಂದದ್ದು ಆಳ್ವಿಕೆಯನ್ನು, ವ್ಯವಸ್ಥೆಯನ್ನಲ್ಲ. ಅವರಲ್ಲೊಬ್ಬನಾದ, 19ನೇ ಶತಮಾನದ ರಷ್ಯಾದ ಬಕುನಿನ್ ಕೊಟ್ಟ ಉದಾಹರಣೆಯನ್ನು ನೆನಪಿಡಿ: ಬೂಟಿನ ವಿಷಯದಲ್ಲಿ ಅವನು ಬೂಟು ಹೊಲಿಯುವವನ ಮಾತಿಗೆ ಕಿವಿಗೊಡುತ್ತಾನೆ, ಆದರೆ ಆ ಮಾತನ್ನು ತನ್ನ ಮೇಲೆ ಹೇರಲು ಬಿಡುವುದಿಲ್ಲ.

ಕಾಗದದ ಮೇಲೆ ಇದು ಸುಲಭ. ಗುಂಡು ಹಾರುವಾಗ ಏನಾಗುತ್ತದೆ? ಅದನ್ನು ತಿಳಿಯಲು 1936ರ ಸ್ಪೇನ್‌ಗೆ ಹೋಗಬೇಕು.

ಆ ವರ್ಷದ ಜುಲೈನಲ್ಲಿ ಗಣರಾಜ್ಯ ಸರ್ಕಾರದ ವಿರುದ್ಧ ಬಾರ್ಸಿಲೋನಾದಲ್ಲಿ ಎದ್ದ ಸೇನಾ ದಂಗೆಯನ್ನು ಹತ್ತಿಕ್ಕುವುದರಲ್ಲಿ ಸಿಎನ್‌ಟಿ ಎಂಬ ಅರಾಜಕತಾವಾದಿ ಕಾರ್ಮಿಕ ಒಕ್ಕೂಟದವರು ಮುಂಚೂಣಿಯಲ್ಲಿದ್ದರು. ಕೆಲವೇ ದಿನಗಳಲ್ಲಿ ಅವರ ಒಂದು ದಳ ದಂಗೆಕೋರ ಸೇನೆಯೊಂದಿಗೆ ಹೋರಾಡಲು ಪಕ್ಕದ ಅರಗಾನ್ ಪ್ರಾಂತ್ಯದ ಕಡೆಗೆ ಹೊರಟಿತು. ಅದರ ಮುಂದೆ ಇದ್ದವನು ಮೆಕ್ಯಾನಿಕ್ ಕೆಲಸ ಮಾಡಿದ್ದ ದುರುತ್ತಿ. ನೂರು ಜನರ ತುಕಡಿಗೊಬ್ಬ ಪ್ರತಿನಿಧಿ. ಅವನನ್ನು ಆರಿಸುವವರು ತುಕಡಿಯವರೇ, ಬೇಡವಾದರೆ ಕೆಳಗಿಳಿಸುವವರೂ ಅವರೇ. ಸೆಲ್ಯೂಟ್ ಇಲ್ಲ, ಭುಜಪಟ್ಟಿ ಇಲ್ಲ. ಯುದ್ಧವಿದ್ಯೆ ಬಲ್ಲ ವೃತ್ತಿಪರ ಅಧಿಕಾರಿಗಳೂ ದಳದಲ್ಲಿದ್ದರು, ಆದರೆ ಸಲಹೆಗಾರರಾಗಿ. ಬಕುನಿನ್‌ನ ಬೂಟು ಹೊಲಿಯುವವನು ಇಲ್ಲಿ ಸಮವಸ್ತ್ರ ತೊಟ್ಟು ಬಂದಿದ್ದಾನೆ!

ಹಾಗೆಂದು ಎಲ್ಲರ ಮಾತಿಗೂ ಒಂದೇ ತೂಕವಿತ್ತೆಂದು ಬರೆದರೆ ತಪ್ಪಾಗುತ್ತದೆ. ವರ್ಷಗಟ್ಟಲೆ ಜೈಲು, ಗಡೀಪಾರು ಕಂಡಿದ್ದ ದುರುತ್ತಿ ಬಾಯಿ ತೆರೆದರೆ ಜನ ಕೇಳುತ್ತಿದ್ದರು. ಅದು ನಾಯಕತ್ವವೇ. ಕನ್ನಡದ ‘ಮುಂದಾಳು’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ: ಮುಂದೆ ನಿಂತ ಆಳು, ಒಡೆಯನಲ್ಲ.

ನನಗೆ ಹೆಚ್ಚು ಕಷ್ಟದ್ದೆಂದು ಕಾಣುವುದು ರಣರಂಗವಲ್ಲ, ಸಮಿತಿಯ ಕೊಠಡಿ. ಪರೀಕ್ಷೆಗೆ ಓದುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. 1936ರ ನವೆಂಬರ್‌ನಲ್ಲಿ ಸಿಎನ್‌ಟಿಯ ನಾಲ್ವರು ಗಣರಾಜ್ಯ ಸರ್ಕಾರದಲ್ಲಿ ಮಂತ್ರಿಗಳಾದರು. ರಾಜ್ಯವೇ ಬೇಡವೆಂದಿದ್ದ ಸಂಘಟನೆ ಇಷ್ಟು ದೊಡ್ಡ ತಿರುವು ಪಡೆಯುವಾಗ ಸದಸ್ಯರ ಮಹಾಧಿವೇಶನವನ್ನು ಕರೆಯಲೇ ಇಲ್ಲ. ಮರುವರ್ಷದ ಮೇ ತಿಂಗಳಲ್ಲಿ ಪೊಲೀಸರು ಕಾರ್ಮಿಕರ ಕೈಯಲ್ಲಿದ್ದ ಬಾರ್ಸಿಲೋನಾದ ದೂರವಾಣಿ ಕೇಂದ್ರಕ್ಕೆ ನುಗ್ಗಿದಾಗ ಬೀದಿಬೀದಿಗಳಲ್ಲಿ ಅಡ್ಡಗಟ್ಟೆಗಳು ಎದ್ದವು. ಕದನ ನಿಲ್ಲಿಸಿ ಎಂದು ರೇಡಿಯೋದಲ್ಲಿ ಕೇಳಿಕೊಂಡವರು ಆ ಮಂತ್ರಿಗಳಲ್ಲಿ ಇಬ್ಬರು, ಗಾರ್ಸಿಯಾ ಒಲಿವರ್ ಮತ್ತು ಫೆಡೆರಿಕಾ ಮಾಂಟ್ಸೆನಿ. ತುಕಡಿಯ ಪ್ರತಿನಿಧಿಯನ್ನು ಇಳಿಸಿದ ಹಾಗೆ ಇವರನ್ನು ಇಳಿಸುವ ದಾರಿ ಬೀದಿಯಲ್ಲಿದ್ದವರ ಕೈಯಲ್ಲಿರಲಿಲ್ಲ. ಕೆಲವು ದಿನಗಳಲ್ಲಿ ಅಡ್ಡಗಟ್ಟೆಗಳು ತೆರವಾದವು. ಅದೇ ತಿಂಗಳು ನಾಲ್ವರ ಮಂತ್ರಿಗಿರಿಯೂ ಹೋಯಿತು. ಹೋದದ್ದು ಕಾರ್ಮಿಕರ ಸಭೆಯ ತೀರ್ಮಾನದಿಂದಲ್ಲ, ಸರ್ಕಾರ ಬಿದ್ದದ್ದರಿಂದ.