ಪರಮಾಣುವನ್ನು ಒಳಗಿನಿಂದ ಖಾಲಿ ಮಾಡುವ ಬೆಳಕು

ನಿಯಾನ್ ಪರಮಾಣುವಿನಲ್ಲಿ 10 ಎಲೆಕ್ಟ್ರಾನ್‌ಗಳಿವೆ: ಒಳಗಿನ ಕೆ ಕವಚದಲ್ಲಿ 2, ಹೊರಗಿನ ಎಲ್ ಕವಚದಲ್ಲಿ 8. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಎಲ್‌ಸಿಎಲ್‌ಎಸ್ ಎಂಬ ಎಕ್ಸ್-ರೇ ಲೇಸರ್ 2009ರಲ್ಲಿ ಶುರುವಾಯಿತು. ಅದರ ಮೊದಮೊದಲ ಪ್ರಯೋಗಗಳಲ್ಲೇ ನಿಯಾನ್ ಅನಿಲಕ್ಕೆ ಗುರಿಯಿಟ್ಟರು. ಮಾಮೂಲಿ ಲೇಸರ್ ಹೊರಗಿನ ಎಲೆಕ್ಟ್ರಾನನ್ನು ಮೊದಲು ಕೀಳುತ್ತದೆ. ಎಕ್ಸ್-ರೇ ಹಾಗಲ್ಲ. ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ 870 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ದಾಟಿದರೆ ಅದು ಹೆಚ್ಚಾಗಿ ಕೆ ಎಲೆಕ್ಟ್ರಾನನ್ನೇ ಹಾರಿಸುತ್ತದೆ. ಒಂಟಿ ಎಲೆಕ್ಟ್ರಾನಿಗೆ ಫೋಟಾನನ್ನು ಪೂರ್ತಿ ನುಂಗಲು ಆಗುವುದಿಲ್ಲ, ಹಿಂದೊದೆತ ತಾಳಲು ನ್ಯೂಕ್ಲಿಯಸ್ ಜೊತೆಗಿರಬೇಕು. ಅದಕ್ಕೇ ನ್ಯೂಕ್ಲಿಯಸ್‌ಗೆ ಅಂಟಿಕೊಂಡವರಿಗೆ ಮೊದಲ ಏಟು.

ಒಳಗೆ ಖಾಲಿಯಾದ ಜಾಗಕ್ಕೆ ಹೊರಗಿನ ಒಂದು ಎಲೆಕ್ಟ್ರಾನ್ ಇಳಿಯುತ್ತದೆ. ಉಳಿದ ಶಕ್ತಿ ಇನ್ನೊಂದನ್ನು ಹೊರಗಟ್ಟುತ್ತದೆ. ಇದೇ ಓಜೆ ಕ್ರಿಯೆ. ನಿಯಾನ್‌ನಲ್ಲಿ ಇದಕ್ಕೆ ಸುಮಾರು 2.4 ಫೆಮ್ಟೋಸೆಕೆಂಡ್ ಸಾಕು. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಸೆಕೆಂಡ್! ಅಂದರೆ ಒಂದು ಫೋಟಾನಿಗೆ ಎರಡು ಎಲೆಕ್ಟ್ರಾನ್ ಹೋದಂತೆ. ಲೇಸರಿನ ಬೆಳಕು ಚಿಕ್ಕ ಚಿಕ್ಕ ಮಿಡಿತಗಳಾಗಿ ಬರುತ್ತದೆ; ಒಂದು ಮಿಡಿತ ಮುಗಿಯುವ ಮೊದಲೇ ಮುಂದಿನ ಫೋಟಾನ್ ಬರುತ್ತದೆ, ಮತ್ತೆ ಅದೇ ಕಥೆ.

ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಫೋಟಾನಿನ ಶಕ್ತಿ 1050 ಇದ್ದರೆ ಬಹುತೇಕ 8 ಎಲೆಕ್ಟ್ರಾನ್‌ಗೇ ಆಟ ನಿಲ್ಲುತ್ತದೆ. 870ಕ್ಕಿಂತ ಜಾಸ್ತಿ ಇದೆ ಅಲ್ವಾ, ಯಾಕೆ ನಿಲ್ಲಬೇಕು? ಎಲೆಕ್ಟ್ರಾನ್‌ಗಳು ಕಡಿಮೆಯಾದಷ್ಟೂ ಉಳಿದವುಗಳ ಮೇಲೆ ನ್ಯೂಕ್ಲಿಯಸ್‌ನ ಹಿಡಿತ ಬಿಗಿಯಾಗುತ್ತದೆ. ಒಂಬತ್ತನೆಯದಕ್ಕೆ ಸುಮಾರು 1196, ಹತ್ತನೆಯದಕ್ಕೆ 1362 ಎಲೆಕ್ಟ್ರಾನ್ ವೋಲ್ಟ್ ಬೇಕು. 2000ದ ಫೋಟಾನ್‌ಗಳನ್ನು ಬಿಟ್ಟಾಗ ಹತ್ತೂ ಹೋದವು.

ನನಗೆ ತುಂಬಾ ಇಷ್ಟವಾದದ್ದು ಟೊಳ್ಳು ಪರಮಾಣು. ಓಜೆ ಕ್ರಿಯೆ ನಡೆಯುವ ಮುಂಚೆಯೇ ಎರಡನೇ ಫೋಟಾನ್ ಬಂದರೆ ಕೆ ಕವಚದ ಎರಡೂ ಹೋಗಿಬಿಡುತ್ತವೆ. ಏಟು ತಿನ್ನಲು ಒಳಗೆ ಯಾರೂ ಇಲ್ಲ! ಆ ಕ್ಷಣಕ್ಕೆ ಎಕ್ಸ್-ರೇ ಹೆಚ್ಚುಕಡಿಮೆ ಸುಮ್ನೆ ಹಾದುಹೋಗುತ್ತದೆ. ಹಾಗಾಗಿ ಅಷ್ಟೇ ಶಕ್ತಿಯನ್ನು ಇನ್ನೂ ಚಿಕ್ಕ ಮಿಡಿತದಲ್ಲಿ ತುಂಬಿದರೆ ಹಾನಿ ಕಡಿಮೆ. ಮೊದಲ ಸಲ ಓದುವಾಗ ಇದು ಉಲ್ಟಾ ಅನ್ನಿಸುತ್ತದೆ. ಎಕ್ಸ್-ರೇ ಏಟಿಗೆ ಪ್ರೋಟೀನ್ ಸಿಡಿದುಹೋಗುವ ಮೊದಲೇ ಅದೇ ಎಕ್ಸ್-ರೇಯಿಂದ ಅದರ ಚಿತ್ರ ತೆಗೆಯುವವರಿಗಂತೂ ಇದು ಒಳ್ಳೆಯ ಸುದ್ದಿ.

ಭಾರವಾದ ಪರಮಾಣು ಅಣುವಿನೊಳಗೆ ಕೂತಿದ್ದರೆ ಲೆಕ್ಕ ಬೇರೆ. 2017ರಲ್ಲಿ ಪ್ರಕಟವಾದ ಅಯೋಡೋಮೀಥೇನ್ (ಒಂದು ಅಯೋಡಿನ್, ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಅಣು) ಪ್ರಯೋಗದಲ್ಲಿ ಅಯೋಡಿನ್ ತನ್ನ ಎಲೆಕ್ಟ್ರಾನ್ ಕಳೆದುಕೊಂಡು, ಪಕ್ಕದ ಕಾರ್ಬನ್ ಮತ್ತು ಹೈಡ್ರೋಜನ್‌ನಿಂದ ಎಳೆದುಕೊಂಡು, ಅವನ್ನೂ ಕಳೆದುಕೊಂಡಿತು. ಅಣುವಿನ 62 ಎಲೆಕ್ಟ್ರಾನ್‌ಗಳಲ್ಲಿ 54 ಹೋದವು. ಪರಮಾಣುಗಳನ್ನು ಬಿಡಿಬಿಡಿಯಾಗಿ ಲೆಕ್ಕಹಾಕಿ ಕೂಡಿಸಿದರೆ ಈ ಸಂಖ್ಯೆ ಸಿಗುವುದಿಲ್ಲ.